ತಿರುಪಿನ ಸಡಿಲು

ನಮ್ಮ ಅಜ್ಜಿಯ ಕಿವಿಯಲ್ಲಿ ಒಂದು ಜೊತೆ ಕೆಂಪುಕಲ್ಲಿನ ಓಲೆಗಳಿದ್ದವು. ಬಲಗಿವಿಯ ಓಲೆಯ ತಿರುಪು ಸವೆದುಹೋಗಿತ್ತು. ಬೆರಳಲ್ಲಿ ಹಿಡಿದು ತಿರುಗಿಸಿದರೆ ಮೊದಲು ಒಂದಿಷ್ಟು ಸುಮ್ಮನೆ ಆಡಿ, ಆಮೇಲೆ ಹಿಡಿದುಕೊಳ್ಳುತ್ತಿತ್ತು. ಅಕ್ಕಸಾಲಿಗನ ಬಳಿ ಕಳಿಸೋಣವೆಂದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಸೆರಗಿನ ಅಂಚಿನಿಂದ ಒಂದೆಳೆ ನೂಲು ಕಿತ್ತು, ಓಲೆಯ ಕಾಲಿಗೆ ಎರಡು ಸುತ್ತು ಸುತ್ತಿ, ಮೇಲೆ ತಿರುಪು ಕೂಡಿಸಿ, "ಈಗ ಆಡೋದಿಲ್ಲ ಬಿಡು" ಎನ್ನುತ್ತಿದ್ದಳು. ಆ ತಿರುಪಿನ ಆಟಕ್ಕೆ ಒಂದು ಹೆಸರುಂಟೆಂದೂ, ಅದನ್ನು ತೊಲಗಿಸಲು ಸುಮಾರು ಮುನ್ನೂರೈವತ್ತು ವರ್ಷಗಳಿಂದ ದೊಡ್ಡ ದೊಡ್ಡ ಬುದ್ಧಿವಂತರು ತಲೆ ಕೆಡಿಸಿಕೊಂಡಿದ್ದಾರೆಂದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಒಂದು ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತಿದ್ದಾಗ.

ಕಾರ್ಖಾನೆಯವರು ಇದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ನಮ್ಮವರು ಕೆಲವರು 'ಪ್ಲೇ' ಎಂದೂ, 'ಆಟ' ಎಂದೂ ಹೇಳುವುದುಂಟು. ಲೇತ್ ಎಂದರೆ ಕಡಚಲು ಯಂತ್ರ. ಕಡೆಯುವ ವಿದ್ಯೆ ನಮಗೆ ಹೊಸದಲ್ಲ. ಬೇಲೂರಿನ ನವರಂಗದ ಕಂಬಗಳ ಮುಂದೆ ನಿಂತವರಿಗೆ ಅದನ್ನು ಹೇಳಬೇಕಾಗಿಲ್ಲ. ಚನ್ನಪಟ್ಟಣದ ಬೊಂಬೆಗಳನ್ನು ಕಂಡ ಮಕ್ಕಳಿಗೂ ಅದು ಗೊತ್ತು. ಆದರೆ ಅಲ್ಲೆಲ್ಲ ಉಳಿ ಇರುವುದು ಕಸಬುದಾರನ ಕೈಯಲ್ಲಿ. ಕಬ್ಬಿಣ ಕಡೆಯುವ ಲೇತಿನಲ್ಲಿ ಉಳಿಯನ್ನು ಹಿಡಿದಿರುವುದು ಯಂತ್ರ. ತಿರುಗುವ ಕೆಲಸದ ತುಂಡಿನ ಕಡೆಗೆ ಅಡ್ಡಡ್ಡವಾಗಿ ಜಾರುವ ಒಂದು ಹಲಗೆ ಇದೆ, ಅದಕ್ಕೆ ಕ್ರಾಸ್ ಸ್ಲೈಡ್ ಎಂದು ಹೆಸರು. ಅದರ ಹೊಟ್ಟೆಯಲ್ಲಿ ಕಂಚಿನ ಒಂದು ನಟ್ಟು. ಆ ನಟ್ಟಿನೊಳಗೆ ಉದ್ದನೆಯ ಉಕ್ಕಿನ ತಿರುಪು. ತಿರುಪಿನ ತುದಿಗೆ ಕೈಚಕ್ರ. ಕೈಚಕ್ರದ ಕೊರಳಿಗೆ ಗೀಟು ಹಾಕಿದ ಒಂದು ಬಳೆ. ಚಕ್ರ ತಿರುಗಿಸಿದರೆ ಉಳಿ ಮುಂದೆ ಹೋಗುತ್ತದೆ, ಎಷ್ಟು ಹೋಯಿತೆಂಬುದನ್ನು ಬಳೆಯ ಗೀಟು ಹೇಳುತ್ತದೆ.

ಗೀಟು ನಿಜವನ್ನು ಹೇಳುವುದು ಒಂದು ದಿಕ್ಕಿನಲ್ಲಿ ಮಾತ್ರ. ನಟ್ಟಿನೊಳಗೆ ತಿರುಪು ಸರಾಗವಾಗಿ ತಿರುಗಬೇಕಾದರೆ ಎರಡರ ಸುತ್ತುಗಳ ನಡುವೆ ಕೂದಲೆಳೆಯಷ್ಟಾದರೂ ಎಡೆ ಬೇಕು, ಇಲ್ಲವಾದರೆ ಎಣ್ಣೆಗೂ ಜಾಗವಿಲ್ಲ. ಮುಂದಕ್ಕೆ ನೂಕುವಾಗ ತಿರುಪಿನ ಸುತ್ತಿನ ಒಂದು ಮೈ ನಟ್ಟಿಗೆ ಒತ್ತಿಕೊಂಡಿರುತ್ತದೆ. ಹಿಂದಕ್ಕೆ ತಿರುಗಿಸಿದಿರೋ, ಆ ಎಡೆಯನ್ನು ದಾಟಿ ಇನ್ನೊಂದು ಮೈ ತಾಗುವವರೆಗೆ ಚಕ್ರ ತಿರುಗುತ್ತದೆ, ಗೀಟು ಸರಿಯುತ್ತದೆ, ಉಳಿ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಸುತ್ತಿಗೆ 5 ಮಿಲಿಮೀಟರು ಸರಿಯುವ ತಿರುಪಿನಲ್ಲಿ ಸುತ್ತಿನ ಇಪ್ಪತ್ತನೆಯ ಒಂದು ಭಾಗ ಸಡಿಲವಿದ್ದರೆ ಅದು ಕಾಲು ಮಿಲಿಮೀಟರಾಯಿತು. ಕೆಲಸದ ತುಂಡು ದುಂಡಗಿರುವುದರಿಂದ ವ್ಯಾಸದಲ್ಲಿ ಅದು ಇಮ್ಮಡಿಯಾಗಿ ಅರ್ಧ ಮಿಲಿಮೀಟರಿಗೆ ಏರುತ್ತದೆ. ಬೇರಿಂಗು ಕೂಡಬೇಕಾದ ಕಡೆ ಅರ್ಧ ಮಿಲಿಮೀಟರು ಹೋಯಿತೆಂದರೆ ಬೆಳಗಿನಿಂದ ಮಾಡಿದ ಕೆಲಸ ಗುಜರಿಗೆ ಹೋದಂತೆಯೇ.

ತಿರುಪಿನಿಂದ ಅಳೆಯಬಹುದೆಂಬ ಯೋಚನೆ ಹೊಳೆದದ್ದು ಕಮ್ಮಾರನಿಗಲ್ಲ, ನಕ್ಷತ್ರ ನೋಡುವವನಿಗೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣ 1640ರ ಆಸುಪಾಸಿನಲ್ಲಿ ತನ್ನ ದೂರದರ್ಶಕದೊಳಗೆ ಜೇಡವೊಂದು ಬಲೆ ನೇಯ್ದುದನ್ನು ಕಂಡನಂತೆ. ಜೇಡದ ಎಳೆಯೂ ಸೂರ್ಯನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಿಸಿದವು. ಅಲ್ಲಿಂದ ಅವನು ದೂರದರ್ಶಕದೊಳಗೆ ಎರಡು ಲೋಹದ ಅಂಚುಗಳನ್ನು ಇಟ್ಟು, ಒಂದು ತಿರುಪಿನಿಂದ ಅವುಗಳನ್ನು ಹತ್ತಿರ ತಂದು ದೂರ ಸರಿಸಿ, ತಿರುಪಿನ ಸುತ್ತುಗಳನ್ನು ಎಣಿಸಿ ಚಂದ್ರನ ಅಗಲವನ್ನು ಅಳೆದನು. 1644ರಲ್ಲಿ ಮಾರ್ಸ್ಟನ್ ಮೂರ್ ಯುದ್ಧದಲ್ಲಿ ರಾಜನ ಪಕ್ಷದಲ್ಲಿ ಹೋರಾಡುತ್ತ ಸತ್ತನು. ಅವನ ಉಪಕರಣದ ವಿಚಾರ ಹೊರಜಗತ್ತಿಗೆ ಚೆನ್ನಾಗಿ ತಿಳಿದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ತಿರುಪು ಅಳತೆಗೋಲಾದ ದಿನವೇ ಅದರ ಆಟವೂ ದೋಷವಾಯಿತು. ಅದಕ್ಕೆ ಮೊದಲು ದ್ರಾಕ್ಷಿಯ ಗಾಣದಲ್ಲೋ ಅಚ್ಚುಕೂಟದ ಒತ್ತುಯಂತ್ರದಲ್ಲೋ ಇದ್ದ ತಿರುಪು ಬೆರಳಗಲ ಆಡಿದರೂ ಕೇಳುವವರಿರಲಿಲ್ಲ.

ಖಗೋಳದವರು ಕಂಡುಕೊಂಡ ಉಪಾಯ ಬಹು ಸರಳ: ತಿರುಪನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಂದು ನಿಲ್ಲಿಸುವುದು. ಗುರುತು ದಾಟಿ ಹೋದರೆ ಅಷ್ಟೇ ಹಿಂದಕ್ಕೆ ತಿರುಗಿಸಕೂಡದು. ಬೇಕಾದುದಕ್ಕಿಂತ ಬಹಳ ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬಂದು ಗುರುತಿನ ಮೇಲೆ ನಿಲ್ಲಬೇಕು. ಆಗ ಸಡಿಲು ಇದ್ದರೂ ಅದು ಯಾವಾಗಲೂ ಒಂದೇ ಕಡೆ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ನಾವಿಕರಿಗೆ ಸೆಕ್ಸ್‌ಟಂಟ್ ಹಿಡಿಯುವುದನ್ನು ಕಲಿಸುವಾಗ ಕೊನೆಯ ತಿರುವು ಒಂದೇ ಕಡೆಯಿಂದ ಇರಲಿ ಎಂದು ಹೇಳಿಕೊಡುತ್ತಾರೆ. ಲೇತಿನ ಮುಂದೆ ನಿಲ್ಲುವ ಹುಡುಗನಿಗೆ ಮೊದಲ ವಾರವೇ ಬೀಳುವ ಬೈಗುಳವೂ ಇದೇ ವಿಷಯಕ್ಕೆ.

ಈ ಉಪಾಯವನ್ನು ಮನುಷ್ಯನ ಅಭ್ಯಾಸಕ್ಕೆ ಬಿಡದೆ ಯಂತ್ರದೊಳಗೇ ಕೂಡಿಸಿದವನು ಜೆಸ್ಸಿ ರ‍್ಯಾಮ್ಸ್‌ಡನ್. ಇವನೂ ಯಾರ್ಕ್‌ಷೈರಿನವನೇ, ಹುಟ್ಟಿದ್ದು 1735ರಲ್ಲಿ. ಬಟ್ಟೆಯ ಕೆಲಸ ಕಲಿತವನು ಲಂಡನ್ನಿಗೆ ಬಂದು ಉಪಕರಣ ಮಾಡುವವನಾದ. ಇವನ ಕೈಚಳಕ ಎಷ್ಟು ಪ್ರಸಿದ್ಧವೋ ವಿಳಂಬವೂ ಅಷ್ಟೇ ಪ್ರಸಿದ್ಧ. ದೊರೆ ಮೂರನೆಯ ಜಾರ್ಜ್ ಹೇಳಿದ ದಿನಕ್ಕೆ ಹೇಳಿದ ಗಂಟೆಗೆ ಸರಿಯಾಗಿ ಅರಮನೆಗೆ ಉಪಕರಣ ತೆಗೆದುಕೊಂಡು ಹೋದನಂತೆ, ವರ್ಷ ಮಾತ್ರ ಒಂದು ತಪ್ಪಿತ್ತಂತೆ. ಕಥೆ ನಿಜವೋ ಸುಳ್ಳೋ, ನಮ್ಮ ದರ್ಜಿಗಳನ್ನು ಬಲ್ಲವರು ನಂಬಿಯಾರು.

ರ‍್ಯಾಮ್ಸ್‌ಡನ್ನನ ಮುಂದಿದ್ದ ಸಮಸ್ಯೆ ಹಡಗುಗಳದು. ನಡುಸಮುದ್ರದಲ್ಲಿ ರೇಖಾಂಶ ತಿಳಿಯಲು ಚಂದ್ರನಿಗೂ ಒಂದು ನಕ್ಷತ್ರಕ್ಕೂ ಇರುವ ಕೋನವನ್ನು ಸೆಕ್ಸ್‌ಟಂಟಿನಿಂದ ಅಳೆಯುತ್ತಿದ್ದರು. ಚಂದ್ರನು ಆಕಾಶದಲ್ಲಿ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಮಾತ್ರ ಸರಿಯುತ್ತಾನೆ. ಆದುದರಿಂದ ಕೋನದಲ್ಲಿ ಒಂದು ಮಿನಿಟಿನ ತಪ್ಪಾದರೆ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ ತಪ್ಪಿದರೆ, ರೇಖಾಂಶದಲ್ಲಿ ಅರ್ಧ ಡಿಗ್ರಿ ತಪ್ಪುತ್ತದೆ. ಸಮಭಾಜಕದ ಬಳಿ ಅದು ಮೂವತ್ತು ಸಮುದ್ರಮೈಲಿ. ದಡ ಇನ್ನೂ ದೂರವಿದೆಯೆಂದು ಭಾವಿಸಿ ರಾತ್ರಿ ಹಾಯಿ ಬಿಚ್ಚಿದ ಹಡಗು ಬಂಡೆಯ ಮೇಲೇರಲು ಅಷ್ಟು ಸಾಕು. ಸೆಕ್ಸ್‌ಟಂಟಿನ ಕಮಾನಿನ ಮೇಲೆ ಗೀಟುಗಳನ್ನು ಕೈಯಿಂದಲೇ ಹಾಕುತ್ತಿದ್ದ ಕಾಲ ಅದು.

ರ‍್ಯಾಮ್ಸ್‌ಡನ್ ಆ ಗೀಟುಗಳನ್ನು ಹಾಕುವ ಯಂತ್ರವೊಂದನ್ನು ಕಟ್ಟಿದನು. ಅವನ ಎರಡನೆಯ ಯಂತ್ರ ಸುಮಾರು 1775ಕ್ಕೆ ಸಿದ್ಧವಾಯಿತು. ಕಂಚಿನ ಚಕ್ರ, ವ್ಯಾಸ 45 ಅಂಗುಲ. ಅಂಚಿನಲ್ಲಿ 2160 ಹಲ್ಲು. ಆ ಹಲ್ಲುಗಳಿಗೆ ಕೂಡಿದ ಒಂದು ತಿರುಪು. ತಿರುಪು ಒಂದು ಸುತ್ತು ಸುತ್ತಿದರೆ ಚಕ್ರ ಡಿಗ್ರಿಯ ಆರನೆಯ ಒಂದು ಭಾಗ ತಿರುಗುತ್ತದೆ. ತಿರುಪನ್ನು ನಡೆಸುವುದು ಕಾಲಿನ ತುಳಿ. ತುಳಿದಾಗ ಹುರಿಯೊಂದು ಎಳೆದು ತಿರುಪು ತಿರುಗುತ್ತದೆ. ಕಾಲು ಎತ್ತಿದಾಗ ತುಳಿ ಮೇಲಕ್ಕೆ ಬರುತ್ತದೆ, ಆದರೆ ಕಚ್ಚುಹಲ್ಲಿನ ವ್ಯವಸ್ಥೆಯಿಂದಾಗಿ ತಿರುಪು ಹಿಂದಕ್ಕೆ ತಿರುಗುವುದಿಲ್ಲ. ಹೀಗೆ ಚಕ್ರವು ಸದಾ ಒಂದೇ ದಿಕ್ಕಿಗೆ ಹೋಗುತ್ತದೆ. ಸಡಿಲು ಎಷ್ಟಿದ್ದರೇನು, ಅದು ತಲೆಯೆತ್ತಲು ಅವಕಾಶವೇ ಇಲ್ಲ. ಇಂಗ್ಲೆಂಡಿನ ರೇಖಾಂಶ ಮಂಡಲಿ ಅವನಿಗೆ ಒಟ್ಟು 615 ಪೌಂಡು ಕೊಟ್ಟಿತು. ಅದರ ಷರತ್ತು ನೋಡಿ: ಯಂತ್ರದ ರಹಸ್ಯವನ್ನು ಅಚ್ಚುಹಾಕಿಸಿ ಪ್ರಕಟಿಸಬೇಕು, ಇತರರಿಗೂ ಕಲಿಸಬೇಕು, ಬೇರೆಯವರು ತಂದ ಸೆಕ್ಸ್‌ಟಂಟುಗಳಿಗೂ ನಿಗದಿಯಾದ ಕೂಲಿಗೆ ಗೀಟು ಹಾಕಿಕೊಡಬೇಕು. ಸರಕಾರದ ಹಣ ಇಷ್ಟು ಚೆನ್ನಾಗಿ ಖರ್ಚಾದ ಉದಾಹರಣೆಗಳು ಹೆಚ್ಚಿಲ್ಲ. ಪುಸ್ತಕ 1777ರಲ್ಲಿ ಹೊರಬಂತು. ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಈ ರ‍್ಯಾಮ್ಸ್‌ಡನ್ನನ ಕೈಕೆಲಸ ನಮ್ಮ ಬೆಂಗಳೂರಿನ ನೆಲವನ್ನೂ ಮುಟ್ಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಮೈಸೂರು ಸೀಮೆಯಿಂದ ಆರಂಭಿಸಿ ಇಡೀ ದಕ್ಷಿಣವನ್ನು ತ್ರಿಕೋನಗಳಿಂದ ಅಳೆಯಬೇಕೆಂದು ಹೊರಟನು. 1800ರಲ್ಲಿ ಬೆಂಗಳೂರಿನ ಬಳಿ ಅವನು ಆಧಾರರೇಖೆಯನ್ನು ಅಳೆದದ್ದು ರ‍್ಯಾಮ್ಸ್‌ಡನ್ ಮಾಡಿದ ಉಕ್ಕಿನ ಸರಪಳಿಯಿಂದ. ಅದು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಸುತ್ತಿಬಳಸಿ ಭಾರತಕ್ಕೆ ಬಂದದ್ದು. ಕೋನ ಅಳೆಯುವ ಮಹಾ ಥಿಯೊಡೊಲೈಟು ಮಾತ್ರ ಲಂಡನ್ನಿನ ಕೇರಿ ಎಂಬವನ ಕೆಲಸ. ಅರ್ಧ ಟನ್ನು ತೂಕ, ಅಡ್ಡವೃತ್ತದ ವ್ಯಾಸ 36 ಅಂಗುಲ. ಅದು ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ಸಿಗೆ ಹೋಯಿತು. ವಿಜ್ಞಾನದ ವಸ್ತುವೆಂದು ತಿಳಿದು ಅಲ್ಲಿಯ ಗವರ್ನರು ಅದನ್ನು ಮರ್ಯಾದೆಯಿಂದ ಕಳಿಸಿಕೊಟ್ಟನು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಏರಿಸುವಾಗ ಹಗ್ಗ ಹರಿದು ಥಿಯೊಡೊಲೈಟು ಗೋಡೆಗೆ ಬಡಿಯಿತು, ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಆರು ವಾರ ಒಳಗೇ ಕುಳಿತು ಬೆಣೆ, ತಿರುಪು, ರಾಟೆಗಳಿಂದ ಅದನ್ನು ಕೂದಲು ಕೂದಲಾಗಿ ಎಳೆದು ದುಂಡಗೆ ಮಾಡಿದನು. ಹಣ ಕೊಟ್ಟು ಹೊಸದನ್ನು ತರಿಸಬಹುದಾಗಿತ್ತು, ಆದರೆ ಅದು ಬರಲು ವರ್ಷಗಳೇ ಬೇಕಾಗುತ್ತಿದ್ದವು. ಲ್ಯಾಂಬ್ಟನ್ನಿಗೆ ಆಗ ಐವತ್ತು ದಾಟಿತ್ತು.

ಇಷ್ಟು ಹೊತ್ತಿಗೆ ಲಂಡನ್ನಿನಲ್ಲಿ ತಿರುಪು ಖಗೋಳದವರ ಮೇಜಿನಿಂದ ಇಳಿದು ಕಬ್ಬಿಣದ ಕೆಲಸಕ್ಕೆ ಬಂದಿತ್ತು. ಅದನ್ನು ತಂದವನೆಂದು ಹೆಸರಾದವನು ಹೆನ್ರಿ ಮಾಡ್ಸ್‌ಲಿ. ಮೊದಲಿಗನೇ ಎಂದು ಹೇಳುವುದು ಸರಿಯಲ್ಲ. ರ‍್ಯಾಮ್ಸ್‌ಡನ್ನನೇ ಅವನಿಗಿಂತ ಮೊದಲು ತಿರುಪು ಕೊಯ್ಯುವ ಸಣ್ಣ ಲೇತು ಮಾಡಿಕೊಂಡಿದ್ದನು. ಆದರೆ ಅದನ್ನು ಕಾರ್ಖಾನೆಯ ದಿನಬಳಕೆಯ ಯಂತ್ರವಾಗಿ ಮಾಡಿದ ಯಶಸ್ಸು ಮಾಡ್ಸ್‌ಲಿಯದು. 1771ರಲ್ಲಿ ವುಲಿಚ್‌ನಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೆ ಅಲ್ಲಿಯ ಮದ್ದುಗುಂಡಿನ ಕೋಠಿಯಲ್ಲಿ ತೋಟಾಗಳಿಗೆ ಮದ್ದು ತುಂಬುವ ಹುಡುಗನಾಗಿ ಸೇರಿದನು. ಆಮೇಲೆ ಬಡಗಿ, ಆಮೇಲೆ ಕಮ್ಮಾರ. ಹದಿನೆಂಟರ ಹೊತ್ತಿಗೆ ಬೀಗಗಳಿಗೆ ಪ್ರಸಿದ್ಧನಾದ ಜೋಸೆಫ್ ಬ್ರಾಮನು ಅವನನ್ನು ಕರೆಸಿಕೊಂಡನು. ಎಂಟು ವರ್ಷ ದುಡಿದು ಅಂಗಡಿಯ ಮುಖ್ಯ ಕೆಲಸಗಾರನಾದ ಮೇಲೂ ಸಂಬಳ ವಾರಕ್ಕೆ 30 ಷಿಲಿಂಗು. ಸಂಸಾರ ದೊಡ್ಡದಾಯಿತು, ಸ್ವಲ್ಪ ಹೆಚ್ಚಿಸಿ ಎಂದು ಕೇಳಿದನು. ಬ್ರಾಮನು ಇಲ್ಲವೆಂದನು. 1797ರಲ್ಲಿ ಮಾಡ್ಸ್‌ಲಿ ಹೊರಬಂದು ಸ್ವಂತ ಅಂಗಡಿ ಹೂಡಿದನು. ಆ ಕೆಲವು ಷಿಲಿಂಗುಗಳನ್ನು ಉಳಿಸಿ ಬ್ರಾಮನು ಕಳೆದುಕೊಂಡದ್ದು ಎಷ್ಟೆಂದು ಲೆಕ್ಕ ಹಾಕುವುದು ಕಷ್ಟ.

ಮಾಡ್ಸ್‌ಲಿಯ ಮುಂದಿದ್ದ ತೊಡಕನ್ನು ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆಗೆ ಹೋಲಿಸಬಹುದು. ಒಳ್ಳೆಯ ತಿರುಪು ಕೊಯ್ಯಲು ಲೇತಿನಲ್ಲಿ ಒಳ್ಳೆಯ ತಿರುಪು ಬೇಕು. ಅವನು ಮೆತ್ತನೆಯ ವಸ್ತುವಿನ ಉರುಳೆಯ ಮೇಲೆ ಓರೆಯಾಗಿ ಕೂಡಿಸಿದ ಅಲಗನ್ನು ಒತ್ತಿ, ಉರುಳೆ ತಿರುಗಿದಂತೆ ಅಲಗು ತಾನೇ ಹಾದಿ ಮಾಡಿಕೊಂಡು ಸುತ್ತು ಕೊರೆಯುವಂತೆ ಮಾಡಿದನು. ಅದರಿಂದ ಗಟ್ಟಿ ಲೋಹಕ್ಕೆ ನಕಲು ಮಾಡಿ, ತಪ್ಪು ಅಳೆದು ತಿದ್ದಿ, ತಿದ್ದಿದುದರಿಂದ ಇನ್ನೊಂದು ಕೊಯ್ದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದನು. ಅವನು ಮಾಡಿದ ಒಂದು ತಿರುಪು 5 ಅಡಿ ಉದ್ದ, 2 ಅಂಗುಲ ದಪ್ಪ, ಅಂಗುಲಕ್ಕೆ 50 ಸುತ್ತು. ಅದರ ನಟ್ಟು ಒಂದು ಅಡಿ ಉದ್ದ, ಎಂದರೆ ನಟ್ಟಿನೊಳಗೆ 600 ಸುತ್ತು! ಇಷ್ಟು ಉದ್ದದ ನಟ್ಟು ಏಕೆಂದರೆ, ಒಂದು ಸುತ್ತಿನಲ್ಲಿರುವ ಕೊರತೆಯನ್ನು ಉಳಿದ ಸುತ್ತುಗಳು ಸರಿತೂಗಿಸುತ್ತವೆ, ಭಾರ ಎಲ್ಲದರ ಮೇಲೂ ಹಂಚಿ ಸವೆತ ನಿಧಾನವಾಗುತ್ತದೆ. ದೊಡ್ಡ ಕುಟುಂಬದಲ್ಲಿ ಒಬ್ಬನ ಸೋಮಾರಿತನ ಕಾಣದೆ ಹೋಗುವುದಿಲ್ಲವೆ, ಹಾಗೆ.

ಅವನ ಮೇಜಿನ ಮೇಲೆ ಒಂದು ಅಳೆಯುವ ಉಪಕರಣವಿತ್ತು. ಅದರ ತಿರುಪಿಗೆ ಅಂಗುಲಕ್ಕೆ 100 ಸುತ್ತು, ತಲೆಯ ಮೇಲೆ 100 ಗೀಟು. ಒಂದು ಗೀಟೆಂದರೆ ಅಂಗುಲದ ಹತ್ತುಸಾವಿರದ ಒಂದು ಭಾಗ. ಅಂಗಡಿಯಲ್ಲಿ ಅಳತೆಯ ಜಗಳ ಬಂದರೆ ಅದರ ತೀರ್ಪೇ ಕೊನೆಯದು. ಅದಕ್ಕಾಗಿ ಅದನ್ನು ಲಾರ್ಡ್ ಛಾನ್ಸಲರ್ ಎಂದು ಕರೆಯುತ್ತಿದ್ದರು.

ಮಾರ್ಕ್ ಬ್ರೂನೆಲ್ ಎಂಬ ಫ್ರೆಂಚ್ ಇಂಜಿನಿಯರು ಪೋರ್ಟ್ಸ್‌ಮತ್ ಬಂದರಿನಲ್ಲಿ ಹಡಗಿನ ರಾಟೆಗಳನ್ನು ಮಾಡುವ ಯಂತ್ರಗಳನ್ನು ಯೋಜಿಸಿದಾಗ, ಅವನ್ನು ಲೋಹದಲ್ಲಿ ಕಟ್ಟಿಕೊಟ್ಟವನು ಮಾಡ್ಸ್‌ಲಿ. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆಗಳು. 110 ಮಂದಿ ಕುಶಲಿಗಳ ಕೆಲಸವನ್ನು ಕೆಲಸ ಕಲಿಯದ 10 ಮಂದಿ ಮಾಡುತ್ತಿದ್ದರು. ಚರಿತ್ರೆ ಬರೆಯುವವರು ಈ ಅಂಕಿಗಳನ್ನು ಸಂಭ್ರಮದಿಂದ ಹೇಳುತ್ತಾರೆ. ಉಳಿದ ನೂರು ಮಂದಿ ಮನೆಗೆ ಹೋಗಿ ಏನು ಹೇಳಿಕೊಂಡರೆಂಬುದನ್ನು ಬರೆದವರಿಲ್ಲ.

ಮಾಡ್ಸ್‌ಲಿಯ ಅಂಗಡಿಯಿಂದ ಜೋಸೆಫ್ ವಿಟ್ವರ್ತ್, ಜೇಮ್ಸ್ ನ್ಯಾಸ್ಮಿತ್, ರಿಚರ್ಡ್ ರಾಬರ್ಟ್ಸ್ ಮೊದಲಾದವರು ಹೊರಟು ಲೇತನ್ನು ಊರೂರಿಗೆ ಒಯ್ದರು. ವಿಟ್ವರ್ತ್ 1841ರಲ್ಲಿ ಎಲ್ಲ ತಿರುಪುಗಳ ಸುತ್ತಿಗೂ 55 ಡಿಗ್ರಿಯ ಒಂದೇ ಕೋನ ಇರಲೆಂದು ಸಾರಿದನು. ಈ ಕಥೆ ಬೇರೆಯದೇ, ಇಲ್ಲಿ ಬಿಡೋಣ.

ಲೇತು ಹರಡಿದಂತೆ ಹಳೆಯ ರೋಗವೂ ಹರಡಿತು. ಖಗೋಳದವನ ತಿರುಪನ್ನು ಬೆರಳ ತುದಿಯಿಂದ ಮುಟ್ಟುತ್ತಾರೆ, ಕಾರ್ಖಾನೆಯ ತಿರುಪು ದಿನಕ್ಕೆ ಹತ್ತು ಗಂಟೆ ಕಬ್ಬಿಣದ ಪುಡಿಯ ನಡುವೆ ದುಡಿಯಬೇಕು. ಕಂಚಿನ ನಟ್ಟು ಸವೆಯುತ್ತದೆ. ಸವೆಯಲೆಂದೇ ಅದನ್ನು ಮೆತ್ತನೆಯ ಲೋಹದಲ್ಲಿ ಮಾಡುವುದು, ಏಕೆಂದರೆ ನಟ್ಟು ಬದಲಿಸುವುದು ತಿರುಪು ಬದಲಿಸುವುದಕ್ಕಿಂತ ಅಗ್ಗ. ಸಾಮಾನ್ಯ ಕೆಲಸದಲ್ಲಿ ಕೆಲಸದ ತುಂಡು ಉಳಿಯನ್ನು ಹಿಂದಕ್ಕೆ ನೂಕುತ್ತಿರುವುದರಿಂದ ಸಡಿಲು ಒಂದೇ ಕಡೆ ಒತ್ತಿ ಕುಳಿತಿರುತ್ತದೆ. ಅಪಾಯವಿರುವುದು ತುಂಡನ್ನು ಕತ್ತರಿಸಿ ಬೇರ್ಪಡಿಸುವಾಗ, ಇಲ್ಲವೇ ಹಿತ್ತಾಳೆ ಕಡೆಯುವಾಗ. ಆಗ ಲೋಹವೇ ಉಳಿಯನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದುಂಟು. ಸಡಿಲಿದ್ದಷ್ಟೂ ಉಳಿ ಒಮ್ಮೆಲೇ ಮುಂದೆ ಹಾರಿ ಕಚ್ಚಿಕೊಳ್ಳುತ್ತದೆ. ಉಳಿ ಮುರಿಯುತ್ತದೆ, ಅಥವಾ ತುಂಡು ಹಿಡಿತದಿಂದ ಕಿತ್ತು ಹಾರುತ್ತದೆ. ಕಣ್ಣು ಕಳೆದುಕೊಂಡವರೂ ಇದ್ದಾರೆ.

ಇದಕ್ಕೆ ಕಂಡುಕೊಂಡ ಮದ್ದು ನಟ್ಟನ್ನು ಎರಡು ತುಂಡು ಮಾಡುವುದು. ಒಂದನ್ನು ಸ್ಲೈಡಿಗೆ ಭದ್ರವಾಗಿ ಬಿಗಿದು, ಇನ್ನೊಂದನ್ನು ಸ್ವಲ್ಪ ಸರಿಯುವಂತೆ ಬಿಟ್ಟು, ನಡುವೆ ಒಂದು ಬೆಣೆ ಇಡುತ್ತಾರೆ. ಮೇಲಿನಿಂದ ಸಣ್ಣ ಸ್ಕ್ರೂ ತಿರುಗಿಸಿದರೆ ಬೆಣೆ ಮೇಲೆದ್ದು ಎರಡು ತುಂಡುಗಳನ್ನೂ ದೂರ ತಳ್ಳುತ್ತದೆ. ಒಂದು ತುಂಡು ತಿರುಪಿನ ಸುತ್ತಿನ ಮುಂದಿನ ಮೈಗೆ, ಇನ್ನೊಂದು ಹಿಂದಿನ ಮೈಗೆ ಒತ್ತಿಕೊಳ್ಳುತ್ತದೆ. ಅಜ್ಜಿಯ ನೂಲೂ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಆದರೆ ಇಲ್ಲೊಂದು ಕೀಟಲೆ ಇದೆ. ತಿರುಪು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ದಿನವೂ ಕೆಲಸ ಮಾಡುವ ಭಾಗ ಬಹಳ ಸವೆದು, ತುದಿಗಳು ಹೊಸದರಂತೆಯೇ ಇರುತ್ತವೆ. ಸವೆದ ಕಡೆ ಆಟವಿಲ್ಲದಂತೆ ಬೆಣೆ ಬಿಗಿದರೆ, ತುದಿಗೆ ಬಂದಾಗ ಕೈಚಕ್ರ ಹಿಡಿದುಕೊಂಡು ತಿರುಗುವುದೇ ಇಲ್ಲ. ತುದಿಯಲ್ಲಿ ಸಲೀಸಾಗಿರುವಂತೆ ಬಿಟ್ಟರೆ ಬೇಕಾದ ಕಡೆ ಆಟ ಉಳಿಯುತ್ತದೆ. ನಟ್ಟನ್ನು ದೂರುವ ಮೊದಲು ಜಾಣರಾದವರು ಇನ್ನೊಂದನ್ನು ನೋಡುತ್ತಾರೆ: ತಿರುಪು ತನ್ನ ಬೇರಿಂಗಿನಲ್ಲೇ ಹಿಂದೆ ಮುಂದೆ ಜರುಗುತ್ತಿದೆಯೇ ಎಂದು. ಅನೇಕ ಸಲ ಅರ್ಧ ಸಡಿಲು ಅಲ್ಲಿರುತ್ತದೆ. ಕೈಚಕ್ರದ ಹಿಂದಿನ ಒಂದು ನಟ್ಟು ಬಿಗಿದರೆ ಹೋಗುತ್ತದೆ, ಬಿಡಿಕಾಸಿನ ಖರ್ಚಿಲ್ಲ.

ಖಗೋಳದವರೂ ಸುಮ್ಮನಿರಲಿಲ್ಲ. ಅಮೆರಿಕದ ಹೆನ್ರಿ ರೋಲೆಂಡ್ 1882ರಲ್ಲಿ ಗಾಜಿನಷ್ಟು ನುಣುಪಾದ ಲೋಹದ ಮೇಲೆ ಅಂಗುಲಕ್ಕೆ 14,438 ಗೀಟು ಎಳೆಯುವ ಯಂತ್ರ ಮಾಡಿ, ಸೂರ್ಯನ ಬೆಳಕನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದನು. ಅವನ ತಿರುಪೂ ಮುಂದಕ್ಕೇ ಹೋಗುತ್ತಿತ್ತು, ಹಿಂದಕ್ಕಲ್ಲ. ತಿರುಪು ಸುತ್ತುಸುತ್ತಿಗೂ ಮಾಡುತ್ತಿದ್ದ ಒಂದೇ ಬಗೆಯ ಸಣ್ಣ ತಪ್ಪಿನಿಂದ ವರ್ಣಪಟಲದಲ್ಲಿ ಇಲ್ಲದ ರೇಖೆಗಳು ಕಾಣಿಸುತ್ತಿದ್ದವು. ವಿಜ್ಞಾನಿಗಳು ಅವಕ್ಕೆ ಇಟ್ಟ ಹೆಸರು ದೆವ್ವಗಳು ಎಂದು.

ಕೊನೆಗೆ ಸಡಿಲನ್ನು ಹೆಚ್ಚುಕಡಿಮೆ ಗೆದ್ದದ್ದು ಸೈಕಲ್ ಬೇರಿಂಗಿನಲ್ಲಿರುವಂಥ ಉಕ್ಕಿನ ಗುಂಡುಗಳು. ತಿರುಪಿಗೂ ನಟ್ಟಿಗೂ ನಡುವೆ ಗುಂಡುಗಳನ್ನು ಉರುಳಲು ಬಿಟ್ಟರೆ ಉಜ್ಜಾಟವೇ ಇಲ್ಲ, ಆದ್ದರಿಂದ ಎರಡು ನಟ್ಟುಗಳನ್ನು ಎದುರುಬದುರಾಗಿ ಬಿಗಿಯಾಗಿ ಒತ್ತಿಟ್ಟರೂ ತಿರುಪು ಸಲೀಸಾಗಿ ತಿರುಗುತ್ತದೆ. 1940ರ ಸುಮಾರಿಗೆ ಇದು ಮೋಟಾರು ಕಾರುಗಳ ಸ್ಟಿಯರಿಂಗಿನಲ್ಲಿ ಬಂತು. 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಅಂಕಿಗಳ ಆಜ್ಞೆಯಂತೆ ನಡೆಯುವ ಯಂತ್ರವನ್ನು ತೋರಿಸಿದರು. ಮುಂದೆ ಇಂಥ ಯಂತ್ರಗಳಿಗೆಲ್ಲ ಗುಂಡಿನ ತಿರುಪೇ ಆಸರೆಯಾಯಿತು. ಇಂದಿನ ಗಣಕಯಂತ್ರದ ಲೇತುಗಳು ಉಳಿದ ಅಲ್ಪಸ್ವಲ್ಪ ಸಡಿಲನ್ನು ಮೊದಲೇ ಅಳೆದಿಟ್ಟುಕೊಂಡು, ದಿಕ್ಕು ಬದಲಿಸುವಾಗ ಅಷ್ಟನ್ನು ತಾವೇ ಸೇರಿಸಿ ತಿರುಗಿಸುತ್ತವೆ.

ನಮ್ಮ ಸೀಮೆಯಲ್ಲಿ ಲೇತ್ ತಯಾರಿಕೆ ಹಳೆಯದೇ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾದದ್ದು 1941ರಲ್ಲಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಕಾರದಿಂದ ಹಿಂದೂಸ್ಥಾನ್ ಮಷಿನ್ ಟೂಲ್ಸ್ ಹುಟ್ಟಿದ್ದು 1953ರಲ್ಲಿ. ಕೈಚಕ್ರ ತಿರುಗಿಸುವ ಹಳೆಯ ಲೇತುಗಳು ಸಣ್ಣ ಶೆಡ್ಡುಗಳಲ್ಲಿ ಇನ್ನೂ ದುಡಿಯುತ್ತಿವೆ.

ನಾನು ಆರಂಭದಲ್ಲಿ ಹೇಳಿದ ಕಾರ್ಖಾನೆಯೂ ಅಂಥದೊಂದು ಶೆಡ್ಡು. ಅಲ್ಲಿಯ ಮೇಸ್ತ್ರಿ ಅರವತ್ತರ ಹತ್ತಿರದವರು. ಕೈಚಕ್ರವನ್ನು ಅರ್ಧ ಸುತ್ತು ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ತಿರುಗಿಸುವುದನ್ನು ಕಂಡು, "ಇದೇಕೆ ಮೇಸ್ತ್ರಿ, ಹೋಗಿ ಬಂದು ಮಾಡುತ್ತೀರಿ?" ಎಂದು ಕೇಳಿದ್ದೆ.

"ಏಳು ಗೀಟು ಆಟ ಇದೆ ಸ್ವಾಮಿ, ನಟ್ಟು ಹೋಗಿದೆ" ಎಂದರು.

"ಹೊಸದು ಹಾಕಿಸಬಾರದೆ?"

"ಕಂಚು ತಂದಿಟ್ಟು ಎರಡು ತಿಂಗಳಾಯಿತು. ನಟ್ಟು ಬಿಚ್ಚಿದರೆ ಈ ಲೇತು ನಿಂತುಹೋಗುತ್ತದೆ, ಹೊಸ ನಟ್ಟಿಗೆ ಥ್ರೆಡ್ಡು ಹೊಡೆಯಲು ಲೇತೇ ಬೇಕು. ಪಕ್ಕದ ಶೆಡ್ಡಿನವನನ್ನು ಕೇಳಿದ್ದೇನೆ. ಅವನದರಲ್ಲಿ ಒಂಬತ್ತು ಗೀಟಿದೆ."

ಹೀಗೆಂದು ಅವರು ಉಳಿಯನ್ನು ಮತ್ತೆ ಅರ್ಧ ಸುತ್ತು ಹಿಂದಕ್ಕೆಳೆದು, ಮೆಲ್ಲಗೆ ಮುಂದಕ್ಕೆ ತಂದು, ಗೀಟಿನ ಮೇಲೆ ನಿಲ್ಲಿಸಿದರು.